ಬೇವಿನ ಕಡ್ಡಿಯಿಂದ ಬ್ರಷ್‌ವರೆಗೆ: ಕಾಶಿಯಲ್ಲಿ ನೆನಪಾದ ಅತ್ತೆಯ ಮಾತು

ಮದುವೆಯಾಗಿ ಫ್ಲ್ಯಾಟಿಗೆ ಬಂದ ಹೊಸತು. ಬಾತ್‌ರೂಮಿನ ಸಿಂಕಿನ ಪಕ್ಕ ಒಂದು ಸ್ಟೀಲ್ ಲೋಟ, ಅದರಲ್ಲಿ ಮನೆಯ ನಾಲ್ವರ ಬ್ರಷ್‌ಗಳು. ಕೈಚಾಚಿದರೆ ಕಮೋಡು. ನಂಜನಗೂಡಿನ ಕಡೆಯಿಂದ ನಮ್ಮ ಜೊತೆ ಇರಲು ಬಂದ ಅತ್ತೆಯವರು ಅದನ್ನು ನೋಡಿ, "ಎಲ್ಲರ ಎಂಜಲೂ ಒಂದೇ ಲೋಟದಲ್ಲಿ, ಅದೂ ಕಕ್ಕಸಿನೊಳಗೆ! ಏನಮ್ಮ ಇದು?" ಎಂದರು. ನನಗೆ ರೇಗಿತು. "ಈ ಮಡಿ ಮೈಲಿಗೆಯೆಲ್ಲ ಇಲ್ಲಿ ನಡೆಯಲ್ಲ ಅತ್ತೆ" ಎಂದುಬಿಟ್ಟೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ತಮ್ಮ ಬ್ರಷ್ಷನ್ನು ಸೋಪಿನ ಡಬ್ಬಿಯಲ್ಲಿ ಮುಚ್ಚಿ ತಮ್ಮ ರೂಮಿನಲ್ಲಿ ಇಟ್ಟುಕೊಂಡರು.

ಆ ಮಾತು ಮತ್ತೆ ನೆನಪಾದದ್ದು ವರ್ಷಗಳ ನಂತರ, ಅವರ ಅಸ್ಥಿ ಬಿಡಲು ನಾವು ಕಾಶಿಗೆ ಹೋದಾಗ. ಹನುಮಾನ್ ಘಾಟ್, ಕೇದಾರ ಘಾಟ್ ಸುತ್ತಿನ ಓಣಿಗಳಲ್ಲಿ ದಕ್ಷಿಣದವರ ಮನೆಗಳು ಬಹಳ. ಅಲ್ಲೇ ಹತ್ತಿರ ಮೈಸೂರು ಸಂಸ್ಥಾನದ ನೆನಪು ಉಳಿಸಿಕೊಂಡ ಕರ್ನಾಟಕ ಘಾಟ್ ಕೂಡ ಇದೆ. ಬೆಳಿಗ್ಗೆ ಘಾಟಿಗೆ ಇಳಿಯುವ ದಾರಿಯಲ್ಲಿ ಒಬ್ಬ ಹೆಂಗಸು ಗೋಣಿತಾಟಿನ ಮೇಲೆ ಬೇವಿನ ಕಡ್ಡಿಗಳ ಕಟ್ಟು ಹರಡಿ ಕೂತಿದ್ದಳು. ಅವರ ಭಾಷೆಯಲ್ಲಿ ಅದು ದಾತುನ್. ಜನ ಕಡ್ಡಿ ಕೊಂಡು, ತುದಿ ಜಗಿದು, ಹಲ್ಲುಜ್ಜಿ, ಕಡ್ಡಿಯನ್ನು ಸೀಳಿ ನಾಲಿಗೆ ಕೆರೆದುಕೊಂಡು ಬಿಸಾಡಿ ಹೋಗುತ್ತಿದ್ದರು. ಇಟ್ಟುಕೊಳ್ಳುವ ಮಾತೇ ಇಲ್ಲ. ಅತ್ತೆ ಹೇಳಿದ್ದು ಇದನ್ನೇ ಅಲ್ಲವೇ ಎನ್ನಿಸಿತು. ಊರಿಗೆ ಬಂದ ಮೇಲೆ ಇದರ ಚರಿತ್ರೆ ಓದತೊಡಗಿದೆ.

ಹಲ್ಲುಕಡ್ಡಿಗೂ ಕಾಶಿಗೂ ಹಳೆಯ ನಂಟು. ಸುಶ್ರುತನಿಗೆ ವೈದ್ಯ ಕಲಿಸಿದವನು ಕಾಶೀರಾಜ ದಿವೋದಾಸ ಧನ್ವಂತರಿ ಎಂದು ಸುಶ್ರುತ ಸಂಹಿತೆಯೇ ಹೇಳುತ್ತದೆ. ಅದರ ಚಿಕಿತ್ಸಾಸ್ಥಾನದಲ್ಲಿ ದಿನಚರಿಯ ವಿವರ ಶುರುವಾಗುವುದೇ ಹಲ್ಲುಕಡ್ಡಿಯಿಂದ. ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ದಪ್ಪ. ನೆಟ್ಟಗಿರಬೇಕು, ಹುಳುಕಿರಬಾರದು, ಆಗತಾನೆ ಕಿತ್ತದ್ದಾಗಿರಬೇಕು. ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವಂತೆ. ಬಾಯಿಹುಣ್ಣು, ಕೆಮ್ಮು, ವಾಂತಿ ಇರುವವರಿಗೆ ಕಡ್ಡಿ ಬೇಡ ಎಂಬ ಎಚ್ಚರಿಕೆಯೂ ಇದೆ.

ಕ್ರಿ.ಶ. 671ರಲ್ಲಿ ಚೀನಾದಿಂದ ಹೊರಟು, ನಳಂದಾದಲ್ಲಿ ಸುಮಾರು ಹತ್ತು ವರ್ಷ ಓದಿದ ಬೌದ್ಧ ಭಿಕ್ಷು ಯಿಜಿಂಗ್ (ನಮ್ಮ ಪಠ್ಯಪುಸ್ತಕಗಳ ಇತ್ಸಿಂಗ್) ಕೂಡ ಇಲ್ಲಿಯ ಹಲ್ಲುಕಡ್ಡಿಯ ಬಗ್ಗೆ ವಿವರವಾಗಿ ಬರೆದಿದ್ದಾನೆ. ಜಗಿಯಬೇಕು, ಉಜ್ಜಬೇಕು, ಸೀಳಿ ನಾಲಿಗೆ ಕೆರೆಯಬೇಕು, ಆಮೇಲೆ ತೊಳೆದು ಎಸೆಯಬೇಕು. ನಾನು ಕಾಶಿಯಲ್ಲಿ ಕಂಡದ್ದೂ ಹೆಚ್ಚುಕಡಿಮೆ ಅದೇ! ಶ್ರಾದ್ಧದಂಥ ದಿನಗಳಲ್ಲಿ ಕಡ್ಡಿ ಮುಟ್ಟದೆ ಹನ್ನೆರಡು ಸಲ ಬಾಯಿ ಮುಕ್ಕಳಿಸಬೇಕೆಂದು ಧರ್ಮಶಾಸ್ತ್ರ ಹೇಳುತ್ತದೆ. ನಮ್ಮ ಯಜಮಾನರಿಗೆ ಕಾಶಿಯ ಪುರೋಹಿತರು ಹೇಳಿದ್ದೂ ಅದನ್ನೇ.

ಕಡ್ಡಿಯನ್ನು ಮತ್ತೆ ಬಳಸಿದವರೂ ಉಂಟು. 1930ರಲ್ಲಿ ಯರವಡಾ ಜೈಲಿನಲ್ಲಿ ಗಾಂಧೀಜಿಯವರ ಜೊತೆಗಿದ್ದ ಕಾಕಾ ಕಾಲೇಲ್ಕರ್ ಒಂದು ಪ್ರಸಂಗ ಬರೆದಿದ್ದಾರೆ. ಬಳಸಿದ ಕಡ್ಡಿಯನ್ನು ಎಸೆಯದೆ, ಜಗಿದ ತುದಿ ಕತ್ತರಿಸಿ ಉಳಿದದ್ದನ್ನು ಮರುದಿನಕ್ಕೆ ಇಡಬೇಕೆಂದು ಗಾಂಧೀಜಿ ಹೇಳುತ್ತಿದ್ದರಂತೆ. ನೋಡಿ, ಅಲ್ಲಿಯೂ ಎಂಜಲಾದ ತುದಿ ಮರುದಿನ ಬಾಯಿಗೆ ಬರುತ್ತಿರಲಿಲ್ಲ.

ನಮ್ಮ ಕಡೆಯ ಹಲ್ಲುಪುಡಿಯೂ ಹಾಗೆಯೇ. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಆರಂಭಿಸಿದರು. ಅಲ್ಲಿಯ ಗುಲಾಬಿ ಬಣ್ಣದ ಹಲ್ಲುಪುಡಿ ಎಷ್ಟು ಮನೆಗಳಲ್ಲಿತ್ತೋ! ಅಂಗೈಗೆ ಒಂದು ಚಿಟಿಕೆ ಪುಡಿ, ತೋರುಬೆರಳಿನಿಂದ ಉಜ್ಜಿದರೆ ಆಯಿತು. ಕೈ ತೊಳೆದರೆ ಎಂಜಲೂ ಹೋಯಿತು.

ಬ್ರಷ್ ಬಂದದ್ದು ಬೇರೆ ದಾರಿಯಿಂದ. ಇಂಗ್ಲೆಂಡಿನ ವಿಲಿಯಂ ಆಡಿಸ್ 1780ರ ಸುಮಾರಿಗೆ ಮೂಳೆಯ ಹಿಡಿಗೆ ಪ್ರಾಣಿಗಳ ಕೂದಲು ಸಿಕ್ಕಿಸಿ ಬ್ರಷ್ ಮಾಡಿ ಮಾರಲು ಶುರುಮಾಡಿದ. ಮುಂದೆ ಹಂದಿಯ ಕೂದಲೇ ಹೆಚ್ಚು ಬಳಕೆಗೆ ಬಂತು. ಅದು ನೀರು ಹೀರಿ ಬೇಗ ಒಣಗದೆ ಕ್ರಿಮಿಗಳಿಗೆ ಮನೆಯಾಗುತ್ತಿತ್ತು. 1938ರ ಫೆಬ್ರವರಿ 24ರಂದು ಅಮೆರಿಕದಲ್ಲಿ ಡುಪಾಂಟ್ ಕಂಪನಿಯ ನೈಲಾನ್ ಎಳೆಗಳ ಮೊದಲ ಬ್ರಷ್ ಮಾರಾಟಕ್ಕೆ ಬಂತು. ಬೇಗ ಒಣಗುವ ಬ್ರಷ್ ಸಿಕ್ಕಿತು. ಆದರೆ ಒಂದೇ ಬ್ರಷ್ಷನ್ನು ತಿಂಗಳುಗಟ್ಟಲೆ ಬಾಯಿಗಿಡುವ ಅಭ್ಯಾಸವೂ ಬೇರೂರಿತು. ಹಾಗೆ ಇಟ್ಟುಕೊಂಡ ಮೇಲೆ ಅದನ್ನು ಶುಚಿಯಾಗಿಡುವ ಕೆಲಸವೂ ಬಂತು. ಹೆಚ್ಚಿನ ಮನೆಗಳಲ್ಲಿ ಅದು ಯಾರ ತಲೆಗೆ ಬಂತು ಅಂತ ನಿಮಗೆ ಹೇಳಬೇಕಿಲ್ಲವಲ್ಲ!

ಇನ್ನೊಂದು ಬದಲಾವಣೆ ಮನೆಯದು. ಹಳ್ಳಿಮನೆಗಳಲ್ಲಿ ಬಚ್ಚಲುಮನೆ ಬೇರೆ, ಹಿತ್ತಲಾಚೆಯ ಕಕ್ಕಸು ಬೇರೆ. ಫ್ಲ್ಯಾಟುಗಳಲ್ಲಿ ಎರಡೂ ಒಂದೇ ಕೋಣೆಗೆ ಸೇರಿದವು. ಫ್ಲಶ್ ಮಾಡಿದಾಗ ಕ್ರಿಮಿಗಳಿರುವ ಸೂಕ್ಷ್ಮ ಹನಿಗಳು ಗಾಳಿಗೇರಿ, ಬಾತ್‌ರೂಮಿನ ಸುತ್ತಮುತ್ತ ಕೂರುತ್ತವೆ ಎಂದು ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಚಾರ್ಲ್ಸ್ ಗೆರ್ಬಾ ಮತ್ತವರ ಸಂಗಡಿಗರು 1975ರಲ್ಲಿ ತೋರಿಸಿದರು. ಹೆದರುವುದು ಬೇಡ, ಬ್ರಷ್ಷಿನ ಮೇಲಿನ ಕ್ರಿಮಿಗಳಿಂದ ಇಂಥದೇ ಕಾಯಿಲೆ ಬರುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎನ್ನುತ್ತದೆ ಅಮೆರಿಕನ್ ಡೆಂಟಲ್ ಅಸೋಸಿಯೇಷನ್. ಆದರೂ ಅದು ಕೊಡುವ ಸಲಹೆಗಳು ಸುಲಭವಾದವು. ಒಬ್ಬರ ಬ್ರಷ್ ಇನ್ನೊಬ್ಬರು ಬಳಸಬಾರದು. ಉಜ್ಜಿದ ಮೇಲೆ ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆದು, ನಿಲ್ಲಿಸಿ, ಗಾಳಿಗೆ ಒಣಗಲು ಬಿಡಬೇಕು. ಒಂದರ ತಲೆ ಇನ್ನೊಂದಕ್ಕೆ ತಾಗಬಾರದು. ಮೂರು ನಾಲ್ಕು ತಿಂಗಳಿಗೊಮ್ಮೆ, ಎಳೆ ಕೆದರಿದರೆ ಇನ್ನೂ ಮುಂಚೆ, ಬದಲಿಸಬೇಕು. ಮುಚ್ಚಿದ ಡಬ್ಬಿಯಲ್ಲಿ ದಿನವೂ ಇಟ್ಟರೆ ತೇವಕ್ಕೆ ಕ್ರಿಮಿ ಹೆಚ್ಚುತ್ತದೆ.

ಅಂದರೆ ನಮ್ಮತ್ತೆ ಹೇಳಿದ ಎರಡು ಮಾತೂ ಸರಿ: ಎಲ್ಲರದೂ ಒಂದೇ ಲೋಟದಲ್ಲಿ ಬೇಡ, ಕಮೋಡಿನ ಪಕ್ಕ ಬೇಡ. ತಪ್ಪಿದ್ದು ಸೋಪಿನ ಡಬ್ಬಿ ಒಂದೇ. ಅಂದು ನಾನು ರೇಗದೆ ಕೂತು ಮಾತಾಡಿದ್ದರೆ, ಡಬ್ಬಿ ಬೇಡ ಎಂದು ನಾನೂ, ಲೋಟ ಬೇಡ ಎಂದು ಅವರೂ ಹೇಳಿ ಇಬ್ಬರೂ ಕಲಿಯುತ್ತಿದ್ದೆವೇನೋ. ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಹುಳುಕು ತಡೆಯುವ ಫ್ಲೋರೈಡ್ ಪೇಸ್ಟನ್ನು ಬಿಟ್ಟು ಮಕ್ಕಳ ಕೈಗೆ ಕಡ್ಡಿ ಕೊಡಿ ಎಂದೂ ಅಲ್ಲ. ಆದರೆ ಹಿರಿಯರು ಎಂಜಲು ಎಂದಾಗ ಅದರ ಹಿಂದೆ ಎಷ್ಟು ಕಾಲದ ರೂಢಿ ಇದೆ ಎಂದು ಒಮ್ಮೆ ಕೇಳಬಹುದಿತ್ತು.

ಈಗ ನಮ್ಮ ಮನೆಯಲ್ಲಿ ಬ್ರಷ್‌ಗಳು ಬಾತ್‌ರೂಮಿನ ಹೊರಗೆ, ಬಾಲ್ಕನಿಯ ವಾಶ್‌ಬೇಸಿನ್ ಹತ್ತಿರ, ಬೇರೆ ಬೇರೆ ತೂತಿನ ಸ್ಟ್ಯಾಂಡಿನಲ್ಲಿ ನಿಂತಿವೆ. ಮೊನ್ನೆ ಮಗಳು, "ಅಮ್ಮಾ, ಇದನ್ನು ಹೊರಗೆ ಯಾಕಿಟ್ಟೆ?" ಎಂದು ಕೇಳಿದಳು. "ನಿಮ್ಮಜ್ಜಿ ಹೇಳಿದ್ದರು" ಎಂದೆ.