ನೀರುಗಂಟಿಯ ಜಾಗದಲ್ಲಿ ನಿಂತವರು

ಬೆಂಗಳೂರಿಗೆ ನದಿಯಿಲ್ಲ ಅನ್ನುವವರು ಸಹಕಾರನಗರದಲ್ಲೂ ಸಿಗುತ್ತಾರೆ. ಮನೆಯ ನಲ್ಲಿಗೆ ಬರುವುದು ಕಾವೇರಿ, ಅದೂ ದೂರದಿಂದ, ಕೊಳವೆಯಲ್ಲಿ. ಆದರೆ ಒಂದು ಜೋರು ಮಳೆಯ ದಿನ ಇಲ್ಲಿನ ರಸ್ತೆಗಳ ಮೇಲೆ ಬಿದ್ದ ನೀರಿನ ಬೆನ್ನು ಹತ್ತಿ ಹೋದರೆ ಮಾತು ಬದಲಾಗುತ್ತದೆ. ಚರಂಡಿಯಿಂದ ರಾಜಕಾಲುವೆ, ರಾಜಕಾಲುವೆಯಿಂದ ಕೆರೆ, ಆ ಕೆರೆಯ ಕೋಡಿಯಿಂದ ಇನ್ನೊಂದು ಕೆರೆ, ಹೀಗೆ ಪೂರ್ವಕ್ಕೆ ಇಳಿದಿಳಿದು ಕೊನೆಗೆ ದಕ್ಷಿಣ ಪಿನಾಕಿನಿ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಹೊಸಕೋಟೆಯನ್ನು ಹಾದು, ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎನಿಸಿಕೊಂಡು ಕಡಲೂರಿನ ಬಳಿ ಸಮುದ್ರ ಸೇರುವ ನದಿ ಅದು.

ನಗರ ಕೂತಿರುವುದು ಒಂದು ದಿಬ್ಬದ ಮೇಲೆ. ದಿಬ್ಬದ ಪಶ್ಚಿಮಕ್ಕೆ ಬಿದ್ದ ಹನಿ ಅರ್ಕಾವತಿಯತ್ತ, ಪೂರ್ವಕ್ಕೆ ಬಿದ್ದದ್ದು ಪಿನಾಕಿನಿಯತ್ತ. ಎರಡೂ ಕಡೆ ಹಿಂದಿನವರು ತೊರೆಗಳಿಗೆ ಅಡ್ಡಲಾಗಿ ಏರಿ ಕಟ್ಟಿ, ಹರಿಯುವ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದರು. ಇಲ್ಲಿನ ನದಿ ಕೆರೆಗಳ ಸರವಾಗಿ ಬದುಕಿತು. ಅದಕ್ಕೇ ಉತ್ತರ ಬೆಂಗಳೂರಿನಲ್ಲಿ ನದಿ ಉಳಿಸುವುದು ಅಂದರೆ ಮೊದಲು ಕೆರೆ ಕಾಯುವುದು.

ಕಾಯುವವರಿಗೆ ಒಂದು ಕಾಲದಲ್ಲಿ ಹೆಸರಿತ್ತು, ಭೂಮಿಯೂ ಇತ್ತು. ಇಲ್ಲಿನ ನೆಲೆಯೇ ಅಷ್ಟು ಹಳೆಯದು: 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಸಿಕ್ಕಿದ, ಕಿತ್ತಯ್ಯ ಎಂಬುವನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಅದರಲ್ಲಿ ‘ಪೆರ್ಬೊಳಲ್ ನಾಡು’ ಎಂಬ ಹೆಸರಿದೆ, ಇಂದಿನ ಹೆಬ್ಬಾಳ. ಅಂದರೆ ಈ ಕಣಿವೆಯಲ್ಲಿ ಕನಿಷ್ಠ 1,270 ವರ್ಷಗಳಿಂದ ಜನರ ನೆಲೆಯಿದೆ. ಕೆರೆ ಕಟ್ಟಿಸಿದವರಿಗೂ ದುರಸ್ತಿ ನೋಡಿಕೊಂಡವರಿಗೂ ಕೊಟ್ಟ ಭೂಮಿಯನ್ನು ಕನ್ನಡ ಶಾಸನಗಳು ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂದು ಕರೆಯುತ್ತವೆ. ಸಹಕಾರನಗರಕ್ಕೆ ಒತ್ತಿಕೊಂಡಿರುವ ಕೊಡಿಗೇಹಳ್ಳಿಯ ಹೆಸರಲ್ಲಿರುವ ಕೊಡಿಗೆ ಎಂಬ ಮಾತಿಗೂ ಶಾಸನಗಳಲ್ಲಿ ದಾನವಾಗಿ ಕೊಟ್ಟ ನೆಲ ಎಂದೇ ಅರ್ಥ.

ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವನು ನೀರುಗಂಟಿ. ಏರಿಯಲ್ಲಿ ಬಿರುಕು ಕಂಡರೆ, ಕಾಲುವೆಯಲ್ಲಿ ಹೂಳು ತುಂಬಿದರೆ ಊರಿಗೆ ಮೊದಲು ಸುದ್ದಿ ಮುಟ್ಟಿಸುತ್ತಿದ್ದವನೂ ಅವನೇ. ಹಳೆಯ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳದು. ಪ್ರತಿಫಲವಾಗಿ ಇನಾಮು ಭೂಮಿ, ಸುಗ್ಗಿಯಲ್ಲಿ ಧಾನ್ಯದ ಪಾಲು. ಊರು ಅವನನ್ನು ಸಮಾನವಾಗಿ ಕಾಣಲಿಲ್ಲ, ಅದು ನಿಜ. ಆದರೂ ತೂಬಿನ ಮೇಲೆ ಅವನ ಮಾತು ನಡೆಯುತ್ತಿತ್ತು.

ಈ ವ್ಯವಸ್ಥೆ ಕಳಚಿದ್ದು ಕೊಳವೆ ಬಂದ ಮೇಲೆ. 1894ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ನಗರಕ್ಕೆ ಹರಿಯಿತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿಕೊಂಡಿತು, 1974ರಲ್ಲಿ ಕಾವೇರಿ ಬಂತು. ಕುಡಿಯಲು ಕೆರೆ ಬೇಡವಾಯಿತು, ಗದ್ದೆಗಳು ನಿವೇಶನಗಳಾದಾಗ ಬೆಳೆಗೂ ಬೇಡವಾಯಿತು. ಗದ್ದೆಯಿಲ್ಲದ ಊರಿನಲ್ಲಿ ನೀರುಗಂಟಿಗೆ ಕೆಲಸವೆಲ್ಲಿ? ಬಡಾವಣೆಗಳ ಕೊಳಚೆ ಹಳೆಯ ರಾಜಕಾಲುವೆಗಳನ್ನೇ ಹಿಡಿದು ಕೆರೆಗಿಳಿಯಿತು. ಕೆರೆಗಳ ಸ್ಥಿತಿ ಅಭ್ಯಸಿಸಲು ಎನ್. ಲಕ್ಷ್ಮಣ ರಾವ್ ಅವರ ಸಮಿತಿಯನ್ನು ಸರ್ಕಾರ ನೇಮಿಸಿದ್ದು 1980ರ ದಶಕದಲ್ಲಿ.

2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಹೆಬ್ಬಾಳ, ನಾಗವಾರ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಬೆಂಗಳೂರಿನ ಸಂಸ್ಥೆ 2008ರಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ವರದಿ ಕೊಟ್ಟಿತು, 2012ರಲ್ಲಿ ತೀರ್ಪು ಬಂತು. ಕೆರೆ ಮಾರಾಟದ ಸರಕಲ್ಲ ಎಂಬುದನ್ನು ನ್ಯಾಯಾಲಯದಲ್ಲಿ ವಾದಿಸಿ ಗೆಲ್ಲಬೇಕಾಗಿ ಬಂದದ್ದೇ ನೋವಿನ ಸಂಗತಿ.

ಸಹಕಾರನಗರದಿಂದ ಸ್ವಲ್ಪವೇ ದೂರದ ಜಕ್ಕೂರು ಕೆರೆಯ ಕಥೆ ಬೇರೆ ದಾರಿ ಹಿಡಿಯಿತು. ಸುಮಾರು 160 ಎಕರೆಯ ಕೆರೆ. ಯಲಹಂಕದ ಕಡೆಯಿಂದ ಬರುವ ಕೊಳಚೆಗೆ ಜಲಮಂಡಳಿ ಕೆರೆಯ ತಲೆಯಲ್ಲೇ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕ ಕಟ್ಟಿತು. ಅಲ್ಲಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಆಪು ಬೆಳೆದ ಜೌಗಿನ ನಡುವೆ ನಿಧಾನ ಹಾಯುವಂತೆ ಬಿಡಿಎ ವ್ಯವಸ್ಥೆ ಮಾಡಿತು. ಘಟಕ ಕಳೆಯದೆ ಬಿಟ್ಟ ಸಾರಜನಕ, ರಂಜಕಗಳನ್ನು ಬೇರುಗಳೂ ಪಾಚಿಯೂ ಹೀರಿಕೊಳ್ಳುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಈ ಜೋಡಣೆಯನ್ನು ಅಭ್ಯಸಿಸಿ, ಬೇರೆ ಕೆರೆಗಳಿಗೂ ಇದು ಮಾದರಿಯಾಗಬಲ್ಲದು ಎಂದರು. ವಿದ್ಯಾರಣ್ಯಪುರದ ಬಯೋಮ್ ಸಂಸ್ಥೆ ಕೆರೆಗೂ ಸುತ್ತಲ ಬಾವಿಗಳಿಗೂ ಇರುವ ನಂಟಿನತ್ತ ಗಮನ ಸೆಳೆಯಿತು. ತುಂಬಿದ ಕೆರೆಯ ಪಕ್ಕದ ಬಾವಿಯಲ್ಲಿ ನೀರು ಕೈಗೆಟುಕುತ್ತದೆ.

ಆದರೆ ಜೊಂಡು ತನ್ನಷ್ಟಕ್ಕೆ ಕೆಲಸ ಮಾಡುವುದಿಲ್ಲ. ಅತಿಯಾದರೆ ಕೊಯ್ಯಬೇಕು, ಕಸ ಕಟ್ಟಿದರೆ ತೆಗೆಯಬೇಕು, ಕಾಲುವೆಗೆ ಕೊಳಚೆ ಬಿಟ್ಟವರ ಬೆನ್ನು ಬೀಳಬೇಕು. 2010ರ ದಶಕದ ನಡುವೆ ಸುತ್ತಲಿನ ನಿವಾಸಿಗಳು ಸೇರಿ ‘ಜಲಪೋಷಣ’ ಎಂಬ ಟ್ರಸ್ಟ್ ಕಟ್ಟಿಕೊಂಡದ್ದು ಇದಕ್ಕೇ. ಪಾಲಿಕೆಯೊಡನೆ ಒಡಂಬಡಿಕೆಯಾಯಿತು. ಬೆಳಗಿನ ನಡಿಗೆಯವರಷ್ಟೇ ಅಲ್ಲ, ಬಲೆ ಬೀಸುವ ಮೀನುಗಾರರೂ ದನಕ್ಕೆ ಹುಲ್ಲು ಕೊಯ್ಯುವವರೂ ಈ ಕೆರೆಗೆ ಸೇರಿದವರೇ. ಹಕ್ಕಿ ನೋಡುವವನಿಗೆ ಜೊಂಡು ಬೇಕು, ಮೀನು ಹಿಡಿಯುವವನಿಗೆ ಬಯಲು ನೀರು ಬೇಕು. ಇಂಥ ಬೇಡಿಕೆಗಳ ನಡುವೆ ಕೆರೆಯನ್ನು ಕಾಯುವ ಕೆಲಸ ಹಿಂದಿನ ನೀರುಗಂಟಿಯದಕ್ಕಿಂತ ಸುಲಭದ್ದೇನಲ್ಲ.

ಯಲಹಂಕದ 370 ಮೆಗಾವ್ಯಾಟ್ ಅನಿಲ ವಿದ್ಯುತ್ ಸ್ಥಾವರಕ್ಕೆ ಇದೇ ಘಟಕದ ಶುದ್ಧೀಕರಿಸಿದ ನೀರನ್ನು ಒಯ್ಯುವ ಯೋಜನೆ ಬಂದಾಗ ಆತಂಕ ಶುರುವಾಯಿತು. ಬೇಸಿಗೆಯಲ್ಲಿ ಕೆರೆ ತುಂಬಿರುವುದೇ ಆ ನೀರಿನಿಂದ. ಕೆರೆಯ ಪಾಲೆಷ್ಟು ಎಂದು ನಿವಾಸಿಗಳು ಕೇಳಿದರು. ಹಳೆಯ ಕಾಲದಲ್ಲಿ ತೂಬಿನ ಬಳಿ ಕೇಳುತ್ತಿದ್ದ ಪ್ರಶ್ನೆಯೇ ಅದು.

2020ರಲ್ಲಿ ಹೈಕೋರ್ಟು, ಕೆರೆಗಳ ವಿಷಯದಲ್ಲಿ ಕಂಪನಿಗಳೊಡನೆ ಒಡಂಬಡಿಕೆ ಮಾಡಿಕೊಳ್ಳದಂತೆ ಪಾಲಿಕೆಯನ್ನು ತಡೆಯಿತು. ಕಂಪನಿಗಳ ಕೈಗೆ ಕೆರೆ ಹೋಗಬಾರದೆಂಬ ಕಾಳಜಿ ಸರಿಯಾದದ್ದೇ. ಆದರೆ ಅದರ ಬಿಸಿ ನಿವಾಸಿಗಳ ಗುಂಪುಗಳಿಗೂ ತಟ್ಟಿತು, ಅವರ ಒಡಂಬಡಿಕೆಗಳ ನವೀಕರಣವೂ ನಿಂತಿತು. ಕಂಪನಿಯೂ ಕೆರೆ ಪಕ್ಕದ ಜನರೂ ಒಂದೇ ತಕ್ಕಡಿಯಲ್ಲಿ ಕೂತದ್ದು ನ್ಯಾಯವಲ್ಲ.

ಈ ಕಣಿವೆಯ ನೀರು ಈಗ ಮೇಲಕ್ಕೂ ಹರಿಯುತ್ತಿದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ದಿನಕ್ಕೆ 21 ಕೋಟಿ ಲೀಟರ್ ಶುದ್ಧೀಕರಿಸಿದ ನೀರನ್ನು ಪಂಪು ಮಾಡಿ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ಸುತ್ತಲಿನ 65 ಕೆರೆಗಳಿಗೆ ತುಂಬಿಸುವುದು ಗುರಿ. ಪಿನಾಕಿನಿ ಹುಟ್ಟುವ ಸೀಮೆಗೇ ನಗರದ ನೀರು ಹಿಂದಿರುಗುತ್ತಿದೆ, ಅದೂ ಎರಡೇ ಹಂತದ ಶುದ್ಧೀಕರಣದೊಂದಿಗೆ. ಕೆಳಗೆ, ಹೊಸೂರು ಬಳಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಅದೇ ನದಿ ನೊರೆ ಉಕ್ಕಿಸುತ್ತದೆ.

ನೀರುಗಂಟಿಗೆ ಭೂಮಿಯಿತ್ತು, ತೂಬಿನ ಮೇಲೆ ಅಧಿಕಾರವಿತ್ತು. ಇಂದು ಅವನ ಜಾಗದಲ್ಲಿ ನಿಂತವರು ಭೂಮಿ ಕೇಳುತ್ತಿಲ್ಲ. ಕೊಳಚೆ ಕಂಡಾಗ ದೂರು ಕೊಟ್ಟರೆ ಉತ್ತರ ಪಡೆಯುವ, ಕೆರೆಯ ನೀರಿನ ಲೆಕ್ಕ ಕೇಳುವ ಹಕ್ಕನ್ನು ಕಾಗದದ ಮೇಲೆ ಬರೆದುಕೊಡಿ ಎನ್ನುತ್ತಿದ್ದಾರೆ. ಪಾಲಿಕೆ ಅದನ್ನು ಕೊಡಬೇಕು. ಸಹಕಾರನಗರದ ಓದುಗರು ಮುಂದಿನ ಮಳೆಗೆ ಕೊಡೆ ಹಿಡಿದು ಹೊರಟು, ತಮ್ಮ ಬೀದಿಯ ನೀರು ಯಾವ ರಾಜಕಾಲುವೆ ಸೇರುತ್ತದೆ, ದಾರಿಯಲ್ಲಿ ಯಾವ ಕೊಳವೆ ಅದಕ್ಕೆ ಕೊಳಚೆ ಸುರಿಯುತ್ತಿದೆ ಎಂದು ಒಮ್ಮೆ ನೋಡಿ ಬರಲಿ.