ಗೆಜ್ಜೆ ಕಟ್ಟಿದವರ ಹೆಸರು

ಬಾದಾಮಿಯಿಂದ ಮಹಾಕೂಟಕ್ಕೆ ಹೋದವರು ಪುಷ್ಕರಣಿಯಲ್ಲಿ ಕಾಲು ತೊಳೆದು, ಮಹಾಕೂಟೇಶ್ವರನಿಗೆ ಕೈಮುಗಿದು, ಬಂದ ದಾರಿ ಹಿಡಿಯುತ್ತಾರೆ. ಮುಖಮಂಟಪದ ಕಂಬದ ಮೇಲಿನ ಹಳಗನ್ನಡದ ಬರಹವನ್ನು ನಿಂತು ನೋಡುವವರು ಕಡಿಮೆ. ಚಾಲುಕ್ಯ ವಿಜಯಾದಿತ್ಯನ ಕಾಲದ, ಎಂದರೆ 8ನೇ ಶತಮಾನದ ಮೊದಲ ಭಾಗದ ಶಾಸನ ಅದು. ವಿನಾಪೋಟಿ ಎಂಬಾಕೆ ದೇವರಿಗೆ ರತ್ನಪೀಠ ಮಾಡಿಸಿ, ಮೇಲೆ ಬೆಳ್ಳಿಯ ಕೊಡೆ ಎತ್ತಿಸಿ, ಹೊಲ ಬಿಟ್ಟಳೆಂದು ಹೇಳುತ್ತದೆ. ಆಕೆ ಅರಸನ ಪ್ರಾಣವಲ್ಲಭೆ. ಅಜ್ಜಿ ರೇವಮಂಚಳ್, ತಾಯಿ ಕುಚಿಪೋಟಿ. ಮೂವರ ಹೆಸರಿಗೂ ಗೌರವದ ‘ಗಳ್’ ಸೇರಿದೆ. ವಂಶ ಹೇಳುವಾಗ ಅಪ್ಪನ ಮಾತೇ ಇಲ್ಲ. ಅಜ್ಜಿ, ಅವಳ ಮಗಳು, ಅವಳ ಮಗಳು, ಅಷ್ಟೇ. ಇಷ್ಟು ಮರ್ಯಾದೆಯಿಂದ ನೆನೆದ ಆ ಹೆಂಗಸನ್ನು ಶಾಸನ ‘ಸೂಳೆಯರ್’ ಎಂದು ಕರೆದಿದೆ.

ಆ ಪದವನ್ನು ಇವತ್ತು ಯಾರ ಎದುರಿಗೂ ಆಡುವ ಹಾಗಿಲ್ಲ. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತ ವಯಸ್ಸಾದ ನನಗೆ ಅದನ್ನು ಬರೆಯುವಾಗಲೂ ಕೈ ತಡೆಯುತ್ತದೆ. ಆದರೂ ಬರೆಯಬೇಕು. ನಾವು ದಿನವೂ ಬಳಸುವ ನೃತ್ಯದ ಮಾತುಗಳನ್ನು ಕಾಪಾಡಿಕೊಂಡು ಬಂದವರಿಗೆ ನೂರಾರು ವರ್ಷ ಇದ್ದದ್ದು ಇಂಥ ಹೆಸರುಗಳೇ.

ಮಹಾಕೂಟದಿಂದ ಸ್ವಲ್ಪ ದೂರದಲ್ಲೇ ಪಟ್ಟದಕಲ್ಲು. ಅಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ವಿಜಯಾದಿತ್ಯ ಅಲ್ಲಿಯ ಗಾಯಕರಿಗೆ ಕೊಟ್ಟಿದ್ದ ಹಕ್ಕುಗಳನ್ನು ಆಕೆ ಮತ್ತೆ ಸ್ಥಿರಪಡಿಸಿದ್ದು ಶಾಸನದಲ್ಲಿದೆ. ಅಚಲ ಎಂಬ ನಟನನ್ನು ಹೊಗಳುವ ಇನ್ನೊಂದು ಬರಹವೂ ಅಲ್ಲಿದೆ: ಭರತನ ಮಾತಿನಂತೆ ನಡೆಯುವ ಇವನ ಗರ್ಜನೆಗೆ ಎದುರಾಳಿ ನಟರೆಂಬ ಆನೆಗಳ ಮದ ಇಳಿಯಿತಂತೆ. ನಾಟ್ಯದವನೊಬ್ಬನಿಗೆ ಇಂಥ ವೀರನ ಹೊಗಳಿಕೆ! ರಾಷ್ಟ್ರಕೂಟ ಧ್ರುವನ ಕಾಲಕ್ಕೆ ಅದೇ ಊರಿನ ಗುಡಿಗೆ ಕುದುರೆಯ ರಥವನ್ನೂ ಆನೆಯ ರಥವನ್ನೂ ಕೊಟ್ಟವಳು ಗೋಯಿಂದಪೊದ್ದಿಯ ಮಗಳು ಬಾದಿಪೊದ್ದಿ. ಆಕೆಯೂ ಗುಡಿಯ ಸೂಳೆ. ದಾನ ಕೊಡುವಷ್ಟು ಆಸ್ತಿ, ಅದನ್ನು ಕಲ್ಲಿನಲ್ಲಿ ಬರೆಸುವಷ್ಟು ಸ್ಥಾನ ಇದ್ದವರು ಇವರು.

ಮುಂದಿನ ಶತಮಾನಗಳ ದಾನಶಾಸನಗಳಲ್ಲಿ ಎರಡು ಪದ ಜೋಡಿಯಾಗಿ ಬರುತ್ತಲೇ ಇರುತ್ತವೆ: ಅಂಗಭೋಗ, ರಂಗಭೋಗ. ದೇವರ ಮೈಗೆ ಸಲ್ಲುವ ಅಭಿಷೇಕ, ಗಂಧ, ಹೂವು ಅಂಗಭೋಗ. ದೇವರ ಮುಂದೆ ನಡೆಯುವ ಹಾಡು, ವಾದ್ಯ, ಕುಣಿತ ರಂಗಭೋಗ. ಗದ್ದೆ ತೋಟ ಬಿಡುವವನು ಎರಡಕ್ಕೂ ಸೇರಿಸಿಯೇ ಬಿಡುತ್ತಿದ್ದ. ದೇವರಿಗೆ ನೈವೇದ್ಯ ಎಷ್ಟು ಮುಖ್ಯವೋ ನೃತ್ಯವೂ ಅಷ್ಟೇ ಮುಖ್ಯ ಎಂಬ ಲೆಕ್ಕ ಅದರಲ್ಲಿ ಕಾಣುತ್ತದೆ. ರಂಗಭೋಗಕ್ಕೆ ಬೇಕಾದ ಜನರ ಹೆಸರೂ ಅಲ್ಲೇ ಸಿಗುತ್ತವೆ. ಕುಣಿಸುವವನು ನಟ್ಟುವ, ಕೊಳಲಿನವನು ವಾಂಸಿಗ, ಆವುಜವೆಂಬ ಚರ್ಮವಾದ್ಯ ಬಾರಿಸುವವನು ಆವುಜಿಗ. ಕುಣಿಯುವವಳು ಪಾತ್ರ. ಈಗ ನಾವು ನಾಟಕದ ಪಾತ್ರ, ಸಿನಿಮಾದ ಪಾತ್ರ ಅನ್ನುತ್ತೇವೆ. ಆಗ ಪಾತ್ರ ಎಂದರೆ ನರ್ತಕಿಯೇ. ಉತ್ತರ ಕರ್ನಾಟಕದ ಕಡೆ ‘ಪಾತ್ರದವರು’ ಎಂಬ ಮಾತು ಗುಡಿಯ ಕುಣಿತದ ಮನೆತನದವರಿಗೆ ತೀರ ಈಚಿನವರೆಗೂ ಇತ್ತು. ಹೊಯ್ಸಳ ಗುಡಿಗಳಲ್ಲಿ ಇವರು ಕುಣಿದ ಜಾಗ ನವರಂಗ. ಬೇಲೂರಿನ ನವರಂಗದ ನಡುವಿನ ದುಂಡನೆಯ ಕಲ್ಲನ್ನು ತೋರಿಸಿ ಮಾರ್ಗದರ್ಶಿಗಳು ಶಾಂತಲೆಯ ಕಥೆ ಹೇಳುತ್ತಾರೆ. ವಿಷ್ಣುವರ್ಧನನ ಆ ರಾಣಿ ಗೀತ ವಾದ್ಯ ನೃತ್ಯಗಳಲ್ಲಿ ನಿಪುಣೆ ಎಂದು ಶಾಸನಗಳೂ ಹೇಳುತ್ತವೆ, ನಿಜ. ಆದರೆ ವರ್ಷವಿಡೀ ಹೊತ್ತು ಹೊತ್ತಿಗೆ ದೇವರ ಮುಂದೆ ಸೇವೆ ಸಲ್ಲಿಸಿದವರು ಪಾತ್ರದವರು. ಅವರ ಕಥೆಯನ್ನು ಅಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಕಲ್ಯಾಣದ ಅರಸ ಮೂರನೆಯ ಸೋಮೇಶ್ವರ 1131ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ನೃತ್ಯವಿನೋದಕ್ಕೇ ಒಂದು ಭಾಗವಿದೆ. ಸಂಸ್ಕೃತದ ಗ್ರಂಥವಾದರೂ ಕನ್ನಡ ನೆಲದ ಅರಮನೆಯಲ್ಲಿ ಹುಟ್ಟಿದ್ದು. ಕುಣಿಯುವವರಲ್ಲಿ ನಟ, ನರ್ತಕ, ನರ್ತಕಿ, ವೈತಾಳಿಕ, ಚಾರಣ, ಕೊಲ್ಲಾಟಿಕ ಎಂದು ಆರು ಬಗೆಯನ್ನು ಅವನು ಎಣಿಸುತ್ತಾನೆ. ಕೊನೆಯವನು ಲಾಗ ಹಾಕುವವನು. ಬೀದಿಯ ಲಾಗದವನನ್ನೂ ಆಸ್ಥಾನದ ನರ್ತಕಿಯನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಆ ಅರಸನ ಮೇಲೆ ನನಗೆ ಬಹಳ ಪ್ರೀತಿ. ಮುಂದೆ ಶಿವಗಂಗೆಯ ಹತ್ತಿರದ ಸಾತನೂರಿನ ಪುಂಡರೀಕ ವಿಠ್ಠಲ ಉತ್ತರಕ್ಕೆ ಹೋಗಿ, ಅಕ್ಬರನ ಕಾಲದಲ್ಲಿ ‘ನರ್ತನನಿರ್ಣಯ’ ಬರೆದ. ಅದನ್ನು ಸಂಪಾದಿಸಿದವರು ನಮ್ಮ ಮೈಸೂರಿನ ರಾ. ಸತ್ಯನಾರಾಯಣ.

ಶಾಸ್ತ್ರ ಬರೆದ ಗಂಡಸರ ಹೆಸರು ಹೀಗೆ ಉಳಿದವು. ಕಲಿಯುವ ಹೆಣ್ಣುಮಕ್ಕಳು ನೆನಪಿಟ್ಟುಕೊಳ್ಳುತ್ತಿದ್ದದ್ದು ಹೇಗೆ? ಇದಕ್ಕೆ ಅಪರೂಪದ ಉತ್ತರ ಕೊಡುವವನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. ಅರಮನೆಯಲ್ಲಿ ಹೆಂಗಸರು ನೃತ್ಯ ಕಲಿಯುವ ಶಾಲೆಯನ್ನು ಅವನು ಕಂಡ. ಅದರ ಫಲಕಗಳಲ್ಲಿ ಒಂದೊಂದು ನೃತ್ಯ ಮುಗಿಯುವ ನಿಲುವನ್ನು ಕೆತ್ತಿದ್ದರು. ಕುಣಿದು ಮುಗಿಸುವಾಗ ಹೇಗೆ ನಿಲ್ಲಬೇಕೆಂಬುದು ಮರೆತರೆ ಹುಡುಗಿ ಆ ಫಲಕ ನೋಡಿ ನೆನೆಸಿಕೊಳ್ಳಬೇಕು. ಇದನ್ನು ಓದಿದಾಗಲೆಲ್ಲ ನನ್ನ ವಿದ್ಯಾರ್ಥಿನಿಯರ ಮುಖಗಳು ಕಣ್ಣಮುಂದೆ ಬರುತ್ತವೆ. ಜತಿ ಮುಗಿಯುವ ತೀರ್ಮಾನದಲ್ಲಿ ಎಡಗಾಲೋ ಬಲಗಾಲೋ ಎಂಬ ಗಾಬರಿ ಐನೂರು ವರ್ಷದ ಹಿಂದಿನ ಹಂಪಿಯಲ್ಲೂ ಇತ್ತು.

ಅದೇ ಹಂಪಿಯಲ್ಲಿ ಅಚ್ಯುತರಾಯ ಗುಡಿಯ ಎದುರಿನ ಅಂಗಡಿಬೀದಿಗೆ ಸೂಳೆ ಬಜಾರು ಎಂದೇ ಹೆಸರು. ಚನ್ನಗಿರಿ ಸೀಮೆಯ ದೊಡ್ಡ ಕೆರೆ ಸೂಳೆಕೆರೆ. ಅದನ್ನು ಈಗ ಶಾಂತಿಸಾಗರ ಎನ್ನುತ್ತಾರೆ. 12ನೇ ಶತಮಾನದ ಶರಣೆ ಸಂಕವ್ವೆ ಆ ಪದವನ್ನು ಹೆಸರಿನ ಹಿಂದೆ ಇಟ್ಟುಕೊಂಡೇ ವಚನ ಬರೆದಳು, ನಿರ್ಲಜ್ಜೇಶ್ವರ ಎಂಬ ಅಂಕಿತದಲ್ಲಿ. ಪದ ಆಗಲೇ ಚುಚ್ಚುತ್ತಿತ್ತು ಎನ್ನುವುದಕ್ಕೆ ಆ ಅಂಕಿತ ಸಾಕು. ಅರಸುಗಳು ಹೋಗಿ, ಗುಡಿಯ ಭೂಮಿಗಳು ಕೈಬಿಟ್ಟು, ರಂಗಭೋಗಕ್ಕೆ ಆದಾಯವಿಲ್ಲದೆ ಹೋದಂತೆ ಆ ಮನೆತನಗಳ ಹೆಣ್ಣುಮಕ್ಕಳಿಗೆ ಉಳಿದದ್ದು ಉಳ್ಳವರ ಆಶ್ರಯ. ಪದಕ್ಕೆ ಉಳಿದದ್ದು ಬೈಗುಳದ ಅರ್ಥ.

1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮದರಾಸಿನ ಕಾನೂನು ಬಂದದ್ದು 1947ರಲ್ಲಿ, ಕರ್ನಾಟಕದ ದೇವದಾಸಿ ಸಮರ್ಪಣ ನಿಷೇಧ ಕಾಯಿದೆ 1982ರಲ್ಲಿ. ಈ ಕಾನೂನುಗಳು ಬೇಕಾಗಿದ್ದವು. ಬಡ ದಲಿತ ಮನೆಗಳ ಹುಡುಗಿಯರಿಗೆ ಮುತ್ತು ಕಟ್ಟಿ ಬಿಡುತ್ತಿದ್ದದ್ದರಲ್ಲಿ ಯಾವ ಕಲೆಯೂ ಇರಲಿಲ್ಲ. ಅದು ಬರಿಯ ಕ್ರೌರ್ಯ. ಹಳೆಯ ಶಾಸನ ತೋರಿಸಿ ಅದನ್ನು ಸಮರ್ಥಿಸುವವರ ಜೊತೆ ನಾನಿಲ್ಲ. ನನ್ನ ತಕರಾರು ಬೇರೆ. ಸೇವೆ ನಿಂತಾಗ ಹೆಂಗಸರನ್ನು ಹೊರಗಿಟ್ಟೆವು, ಅವರ ವಿದ್ಯೆಯನ್ನು ಮಾತ್ರ ಒಳಗೆ ಕರೆದುಕೊಂಡೆವು. 1930ರ ದಶಕದಲ್ಲಿ ಮದರಾಸಿನಲ್ಲಿ ಸದಿರ್ ಎಂಬ ಹೆಸರು ಹಿಂದೆ ಸರಿದು ಭರತನಾಟ್ಯ ಎಂಬ ಹೆಸರು ನಿಂತಿತು. ಅಡವು, ಅರೆಮಂಡಿ, ಜತಿ, ಪದ, ಜಾವಳಿ ಎಲ್ಲವೂ ಹಾಗೆಯೇ ಬಂದವು. ಅವನ್ನು ಆಡುತ್ತಿದ್ದ ಬಾಯಿಗಳು ಬರಲಿಲ್ಲ.

ಮೈಸೂರಿನಲ್ಲಿ ಪೂರ್ತಿ ಹಾಗಾಗಲಿಲ್ಲ ಎಂಬುದು ನಮ್ಮ ಪುಣ್ಯ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ತಂಜಾವೂರಿನ ಸಹೋದರರಲ್ಲಿ ಒಬ್ಬರಾದ ಚಿನ್ನಯ್ಯ ಬಂದಿದ್ದರು. ಆ ಆಸ್ಥಾನದ ಅಭಿನಯವನ್ನು 20ನೇ ಶತಮಾನಕ್ಕೆ ದಾಟಿಸಿದವರು ಜಟ್ಟಿ ತಾಯಮ್ಮ (1857–1947). ಹೆಸರೇ ಹೇಳುವಂತೆ ಕುಸ್ತಿಯ ಜಟ್ಟಿಗಳ ಮನೆಯ ಮಗಳು. ಅವರ ಹತ್ತಿರ ಎಂಟು ವರ್ಷದ ಹುಡುಗಿಯಾಗಿ ಬಂದು ಸೇರಿದವರು ಕಡೂರು ತಾಲ್ಲೂಕಿನ ತಂಗಲಿ ತಾಂಡ್ಯದ ಲಂಬಾಣಿ ಮನೆಯ ವೆಂಕಟಲಕ್ಷಮ್ಮ. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ತೆರೆದಾಗ ಅದನ್ನು ಮುನ್ನಡೆಸಿದವರೂ ಅವರೇ. 1992ರಲ್ಲಿ ಪದ್ಮಭೂಷಣ ಬಂತು. ಕುಳಿತಲ್ಲೇ, ಬರಿಯ ಹುಬ್ಬು, ಕಣ್ಣು, ಬೆರಳುಗಳಲ್ಲಿ ಒಂದೇ ಸಾಲಿಗೆ ಹತ್ತಾರು ಅರ್ಥ ತೋರಿಸುವ ಅವರ ಅಭಿನಯವೇ ಮೈಸೂರು ಶೈಲಿಯ ಜೀವ. ನಾನು ಕಲಿತದ್ದು ಅವರ ಶಿಷ್ಯೆಯೊಬ್ಬರ ಹತ್ತಿರ.

ಇನ್ನೊಂದು ಪದದ ವಿಷಯ ಹೇಳಲೇಬೇಕು. ಗೆಜ್ಜೆಪೂಜೆ ಎಂದರೆ ಹಿಂದೆ ಆ ಮನೆತನದ ಹುಡುಗಿಯನ್ನು ಕಸುಬಿಗೆ ಇಳಿಸುವ ಶಾಸ್ತ್ರ. ಎಂ.ಕೆ. ಇಂದಿರಾ ಅವರ ಕಾದಂಬರಿ, ಅದರಿಂದ 1969ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ ಕಣ್ಣೀರಿನ ಕಥೆ ಹೇಳಿದ್ದು ಅದರ ಬಗ್ಗೆಯೇ. ಇವತ್ತು ನೃತ್ಯಶಾಲೆಗಳಲ್ಲಿ ರಂಗಪ್ರವೇಶಕ್ಕೂ ಮುಂಚೆ ಗೆಜ್ಜೆಪೂಜೆ ನಡೆಯುತ್ತದೆ. ತಂದೆತಾಯಿಗಳು ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿ, ಬಂಧುಗಳನ್ನು ಕರೆದು ಊಟ ಹಾಕಿಸುತ್ತಾರೆ. ಪದ ಗೌರವಕ್ಕೆ ಬಂದದ್ದು ಸಂತೋಷವೇ. ಆ ಪತ್ರಿಕೆಯಲ್ಲಿ ಗುರುಪರಂಪರೆ ಬರೆಯುವಾಗ ಮಾತ್ರ ಭರತಮುನಿಯಿಂದ ನೇರವಾಗಿ ನಮ್ಮ ಕಾಲಕ್ಕೆ ಹಾರುತ್ತಾರೆ. ನನ್ನ ಶಾಲೆಯ ಪತ್ರಿಕೆಗಳಲ್ಲಿ ತಾಯಮ್ಮ, ವೆಂಕಟಲಕ್ಷಮ್ಮ ಅವರ ಹೆಸರಿನ ಮೇಲೆ ‘ಗುಡಿ ಮತ್ತು ಅರಮನೆಯ ಪಾತ್ರದವರು, ದೇವದಾಸಿಯರು’ ಎಂಬ ಒಂದು ಸಾಲು ಇರುತ್ತದೆ. ಹೋದ ವರ್ಷ ಒಬ್ಬ ತಂದೆ ಬಂದು, “ಮೇಡಂ, ಆ ಕೊನೇ ಪದ ಒಂದು ತೆಗೆದುಬಿಡಿ, ನಮ್ಮ ಕಡೆಯ ಹಿರಿಯರು ಬರ್ತಾರೆ” ಎಂದರು. ಅವರನ್ನು ಕೂರಿಸಿ, ಕಾಫಿ ಕೊಟ್ಟು, ವಿನಾಪೋಟಿಯ ಶಾಸನದ ಫೋಟೋ ತೋರಿಸಿ, ಅಜ್ಜಿ ತಾಯಿ ಮಗಳ ಹೆಸರನ್ನು ಓದಿ ಹೇಳಿದೆ. ಪತ್ರಿಕೆ ಆ ಸಾಲಿನೊಂದಿಗೇ ಅಚ್ಚಾಯಿತು.