ಭಯಕ್ಕೊಂದು ಮುನ್ನುಡಿ

ಚಲನಚಿತ್ರವೊಂದು ತೆರೆಗೆ ಬರುವ ಮೊದಲು ಅದರ ಕೆಲವು ತುಣುಕುಗಳನ್ನು ಪೋಣಿಸಿ ತೋರಿಸುವ ಪದ್ಧತಿಗೆ ‘ಟ್ರೇಲರ್’ ಎಂದು ಹೆಸರು. ಹಿಂದಿನಿಂದ ಬರುವುದು, ಬಾಲದಂತೆ ಅಂಟಿಕೊಂಡಿರುವುದು ಎಂಬುದು ಆ ಮಾತಿನ ಅರ್ಥ. ಮೊದಮೊದಲು ಅಮೆರಿಕದ ಚಿತ್ರಮಂದಿರಗಳಲ್ಲಿ ಈ ತುಣುಕುಗಳನ್ನು ಮುಖ್ಯ ಚಿತ್ರ ಮುಗಿದ ಮೇಲೆ ತೋರಿಸುತ್ತಿದ್ದುದರಿಂದ ಆ ಹೆಸರು ನಿಂತಿತು. ಕನ್ನಡದಲ್ಲಿ ಇದನ್ನು ಮುನ್ನೋಟವೆನ್ನೋಣ. ದೆವ್ವದ ಚಿತ್ರಗಳ ಮುನ್ನೋಟ ನಮ್ಮನ್ನು ಹೆದರಿಸುವ ಬಗೆ ಯಾವುದು, ಹೆದರಿದವರನ್ನೇ ಮತ್ತೆ ಚಿತ್ರಮಂದಿರದ ಬಾಗಿಲಿಗೆ ಕರೆತರುವ ಬಗೆ ಯಾವುದು ಎಂಬುದನ್ನು ನಮ್ಮ ಸೀಮೆಯ ಹಿನ್ನೆಲೆಯಲ್ಲಿ ನೋಡುವುದು ಇಂದಿನ ಮಾತಿನ ಉದ್ದೇಶ.

ನಮ್ಮ ಸೀಮೆಯೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸೀಮೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಮೊದಲ ಮೂರು ಊರುಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಒಂದು ಕಡೆ ಅಡಿಕೆ ತೋಟ, ತುಂಗಭದ್ರೆಯ ದಂಡೆ. ಇನ್ನೊಂದು ಕಡೆ ಮಳೆಗಾಗಿ ಮುಗಿಲು ನೋಡುವ ಬಯಲು. ಆದರೆ ಸಿನಿಮಾದ ಮಟ್ಟಿಗೆ ಎಲ್ಲ ಊರುಗಳ ಪಾಡೂ ಒಂದೇ ಆಗಿತ್ತು. ಹೊಸ ಚಿತ್ರ ದೊಡ್ಡ ಊರುಗಳಲ್ಲಿ ಓಡಿ ದಣಿದ ಮೇಲೆ ನಮ್ಮಲ್ಲಿಗೆ ಬರುತ್ತಿತ್ತು.

ಆದ್ದರಿಂದ ನನ್ನ ಪ್ರಾಯದವರಿಗೆ ಮುನ್ನೋಟವೆಂಬುದು ಮೊದಲು ಕಂಡದ್ದು ಬೀದಿಯಲ್ಲಿ. ಎರಡು ಬದಿಗೂ ಚಿತ್ರಪಟ ಕಟ್ಟಿದ ಬಂಡಿ, ಮುಂದೆ ತಮಟೆ, ಒಳಗೆ ಮೈಕು ಹಿಡಿದವನೊಬ್ಬ, ಹಿಂದೆ ಬಣ್ಣದ ಕರಪತ್ರಕ್ಕಾಗಿ ಓಡುವ ಮಕ್ಕಳು. ಮೈಕು ಹಿಡಿದವನು ಚಿತ್ರವನ್ನು ನೋಡಿರುತ್ತಿರಲಿಲ್ಲ. ಕಥೆ ಗೊತ್ತಿಲ್ಲದ್ದರಿಂದ ಪ್ರಶ್ನೆಗಳನ್ನಷ್ಟೇ ಕೇಳುತ್ತಿದ್ದ: ಆ ಮನೆಯಲ್ಲಿ ಇದ್ದದ್ದು ಯಾರು? ರಾತ್ರಿ ಗೆಜ್ಜೆ ಕಟ್ಟಿದವಳು ಯಾರು? ಡೇರೆಯ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕವೂ ಅದೇ ದಾರಿಯದು. ಅದರ ಕಥಾಸಾರ ಸರಿಯಾಗಿ ಗಂಟು ಬಿಗಿಯುವ ಕಡೆ ನಿಂತು, ಮಿಕ್ಕದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಕೈಮುಗಿಯುತ್ತಿತ್ತು. ಇಂದಿನ ಮುನ್ನೋಟದ ಮೊದಲ ಸೂತ್ರ ಇದೇ: ಪ್ರಶ್ನೆಯನ್ನು ಕೊಡಬೇಕು, ಉತ್ತರವನ್ನು ಕೊಡಬಾರದು.

ಬಾನುಲಿಯ ಪಾಲನ್ನೂ ಇಲ್ಲಿ ನೆನೆಯಬೇಕು. 1967ರಲ್ಲಿ ವಿವಿಧ ಭಾರತಿಯಲ್ಲಿ ಜಾಹೀರಾತು ಆರಂಭವಾದ ಮೇಲೆ ಹೊಸ ಚಿತ್ರಗಳ ಪ್ರಾಯೋಜಿತ ಕಾರ್ಯಕ್ರಮಗಳು ಬರತೊಡಗಿದವು. ಒಂದು ಹಾಡಿನ ಚೂರು, ಎರಡು ಮಾತು, ಒಂದು ಚೀತ್ಕಾರ, ಆಮೇಲೆ ನಿರೂಪಕನ ಗಂಭೀರ ಧ್ವನಿ. ಚಿತ್ರವನ್ನು ಕಣ್ಣಿಲ್ಲದೆ ನೋಡುವ ಅಭ್ಯಾಸ ನಮಗೆ ಆಗಲೇ ಆಯಿತು. ಕಾಣದ ಬಾಗಿಲಿನ ಕಿರುಗುಟ್ಟುವಿಕೆಯಲ್ಲಿ ಪ್ರತಿಯೊಬ್ಬ ಕೇಳುಗನೂ ತನ್ನ ಮನೆಯ ಹಿತ್ತಿಲ ಬಾಗಿಲನ್ನೇ ಕಾಣುತ್ತಿದ್ದ.

ಭಯ ಕಿವಿಯಿಂದ ಒಳಗೆ ಬರುತ್ತದೆಂಬುದು ಹೊಸ ಶೋಧವೇನಲ್ಲ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಭಯಾನಕ ರಸದ ವಿಭಾವಗಳನ್ನು ಎಣಿಸುವಾಗ ವಿಕೃತವಾದ ಧ್ವನಿಯನ್ನು ಮೊದಲು ಹೇಳಿ, ಭೂತದರ್ಶನ, ನರಿ ಗೂಬೆಗಳ ಕೂಗು, ಪಾಳುಮನೆ, ಅರಣ್ಯಗಳನ್ನು ಅನಂತರ ಹೇಳುತ್ತಾನೆ. ಇಂದಿನ ಯಾವುದೇ ದೆವ್ವದ ಚಿತ್ರದ ಮುನ್ನೋಟವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಹೆಚ್ಚು ಸೇರಿಸಬೇಕಾದದ್ದು ಕಾಣದು. ಯಂತ್ರಯುಗ ಕೂಡಿಸಿದ್ದು ಮೌನದ ಅಳತೆಯನ್ನು. ಜೋಗುಳದಂಥ ಒಂದು ಮೆಲುದನಿ, ತೆರೆಯ ಮೇಲೆ ಕತ್ತಲು, ಸದ್ದಡಗಿದ ಎರಡು ಕ್ಷಣ, ಬೆನ್ನು ತಿರುಗಿಸಿ ಕುಳಿತ ಒಂದು ಆಕೃತಿ. ಅದು ಮುಖ ತಿರುಗಿಸುವಷ್ಟರಲ್ಲಿ ದೃಶ್ಯ ಕತ್ತರಿಸಿಹೋಗುತ್ತದೆ. ಆ ಮುಖವನ್ನು ಬರೆದುಕೊಳ್ಳುವವರು ನಾವೇ.

ಹೊರನಾಡಿನ ನಿರ್ದೇಶಕರು ಈ ಮಿತವ್ಯಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. 1960ರ ‘ಸೈಕೋ’ ಚಿತ್ರದ ಮುನ್ನೋಟದಲ್ಲಿ ಹಿಚ್‌ಕಾಕ್ ಆರು ನಿಮಿಷಕ್ಕೂ ಹೆಚ್ಚು ಕಾಲ ಖಾಲಿ ಮನೆಯನ್ನು ಸುತ್ತಾಡಿ, ಇಲ್ಲಿ ನಡೆದದ್ದು ಎಂದು ಹೇಳಹೊರಟು ಮಾತನ್ನು ಅರ್ಧಕ್ಕೆ ನುಂಗುತ್ತಾರೆ. ‘ಸೈಕೋ’ದಲ್ಲಿ ದೆವ್ವವಿಲ್ಲವೆಂಬುದು ನಿಜ, ಆದರೆ ಆ ತಂತ್ರವನ್ನು ದೆವ್ವದ ಚಿತ್ರಗಳೆಲ್ಲ ಸಾಲ ಪಡೆದಿವೆ. 1980ರ ‘ದಿ ಶೈನಿಂಗ್’ಗೆ ಕುಬ್ರಿಕ್ ಬಳಸಿದ್ದು ಒಂದೇ ಒಂದು ದೃಶ್ಯವನ್ನು: ಲಿಫ್ಟಿನ ಬಾಗಿಲು, ಅದರಿಂದ ನುಗ್ಗುವ ರಕ್ತ. ಅಲ್ಲಿ ಕಥೆಯಿಲ್ಲ, ನಟರ ಮುಖವಿಲ್ಲ.

ಕನ್ನಡದಲ್ಲಿ ಈ ಬಗೆಗೆ ನನಗೆ ಮೊದಲು ನೆನಪಾಗುವುದು 1979ರ ‘ನಾ ನಿನ್ನ ಬಿಡಲಾರೆ’. ಅನಂತನಾಗ್, ಲಕ್ಷ್ಮಿ ನಟಿಸಿದ ಆ ಚಿತ್ರದ ಹೆಸರೇ ಒಂದು ಮುನ್ನೋಟ. ಹೆಂಡತಿ ಆಡಿದರೆ ಅದು ಪ್ರೀತಿಯ ಮಾತು. ಗಂಡನ ಮೈಮೇಲೆ ಬಂದ ಹೆಣ್ಣುದೆವ್ವ ಆಡಿದರೆ ಅದೇ ಮಾತು ಬೆದರಿಕೆ. ಮೂರು ಪದಗಳಲ್ಲಿ ಒಲವನ್ನೂ ಭಯವನ್ನೂ ಒಟ್ಟಿಗೆ ಕಟ್ಟಿದ ಈ ಶ್ಲೇಷೆಯನ್ನು ನಮ್ಮ ಹಳಗನ್ನಡದ ಕವಿಗಳೂ ಮೆಚ್ಚುತ್ತಿದ್ದರು.

2004ರಲ್ಲಿ ಬಂದ ಪಿ. ವಾಸು ಅವರ ‘ಆಪ್ತಮಿತ್ರ’ದಲ್ಲಿ ಆ ಕೆಲಸವನ್ನು ಮಾಡಿದ್ದು ಒಂದು ಮುಚ್ಚಿದ ಬಾಗಿಲು. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ ಅದರ ಮೂಲ. ತೆರೆಯಬಾರದೆಂದು ಹೇಳಿದ ಬಾಗಿಲನ್ನು ಕಂಡ ಮೇಲೆ ಅದು ತೆರೆಯುವವರೆಗೆ ಯಾರಿಗೂ ಸಮಾಧಾನವಿಲ್ಲ. ನಾಯಕಿ ಸೌಂದರ್ಯ ಅದೇ ವರ್ಷದ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಚಿತ್ರ ಆಗಸ್ಟ್‌ನಲ್ಲಿ ತೆರೆಕಂಡಿತು. ಇಲ್ಲದವಳ ಕಣ್ಣು ತೆರೆಯಿಂದ ನಮ್ಮನ್ನು ನೋಡುತ್ತಿರುವಾಗ ಭಯಕ್ಕೆ ಕರುಣೆಯೂ ಬೆರೆತಿತ್ತು.

ಮುನ್ನೋಟ ನಮ್ಮಿಂದ ಬಚ್ಚಿಡುವುದು ಏನನ್ನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ನಾಗವಲ್ಲಿಯೆಂದೊಡನೆ ಜನರಿಗೆ ನೆನಪಾಗುವುದು ಕೆಂಡದಂಥ ಕಣ್ಣು, ಕೆದರಿದ ಕೂದಲು. ಆದರೆ ಕಥೆಯಲ್ಲಿ ಅವಳು ಅರಸನೊಬ್ಬನ ಕೈಯಲ್ಲಿ ಪ್ರಿಯಕರನನ್ನೂ ತನ್ನ ಪ್ರಾಣವನ್ನೂ ಕಳೆದುಕೊಂಡ ನರ್ತಕಿ. ಮುನ್ನೋಟದಲ್ಲಿ ದೆವ್ವದ ಮುಖವಿರುತ್ತದೆ, ದೆವ್ವದ ದುಃಖವಿರುವುದಿಲ್ಲ. ನಮ್ಮ ದೆವ್ವದ ಕಥೆಗಳಲ್ಲಿ ಮತ್ತೆ ಮತ್ತೆ ಹೆಣ್ಣೇ ದೆವ್ವವಾಗುವುದಕ್ಕೆ ಕಾರಣ ಆ ಬಚ್ಚಿಟ್ಟ ಭಾಗದಲ್ಲಿದೆ: ಬದುಕಿದ್ದಾಗ ನ್ಯಾಯ ಸಿಗದವಳಿಗೆ ಸತ್ತ ಮೇಲೆ ಮಾತ್ರ ಬಾಯಿ ಬರುತ್ತದೆ.

ಕೆರೆಗಳ ನಾಡಾದ ಚನ್ನಗಿರಿಯ ಕಡೆಯವರಿಗೆ ‘ಕೆರೆಗೆ ಹಾರ’ದ ಭಾಗೀರಥಿಯನ್ನು ಪರಿಚಯಿಸಬೇಕಾಗಿಲ್ಲ. ಕೆರೆಗೆ ಬಲಿಯಾಗಬೇಕಾದ ಸೊಸೆ ತವರಿಗೆ ಹೋಗುತ್ತಾಳೆ. ಅವಳ ಕಣ್ಣೀರಿನ ಕಾರಣ ಹೆತ್ತವರಿಗೆ ತಿಳಿಯದು, ಕೇಳುವ ನಮಗೆ ತಿಳಿದಿದೆ. ಕೊನೆಗೆ ಮೆಟ್ಟಿಲು ಮೆಟ್ಟಿಲಾಗಿ ನೀರು ಏರುತ್ತದೆ. ಬಿಗುವನ್ನು ಇದಕ್ಕಿಂತ ನಿಖರವಾಗಿ ಏರಿಸಿದ ಮುನ್ನೋಟವನ್ನು ನಾನು ಕಂಡಿಲ್ಲ. ಆದರೆ ಲಾವಣಿ ನೀರಿನ ಏರಿಕೆಯನ್ನಷ್ಟೇ ತೋರಿಸಿ ನಿಲ್ಲಲಿಲ್ಲ. ಅವಳನ್ನು ಅಲ್ಲಿಗೆ ಕಳುಹಿಸಿದವರು ಯಾರು ಎಂಬುದನ್ನು ಹಾಡಿದ ಹೆಂಗಸರು ಮುಚ್ಚಿಡಲಿಲ್ಲ.

ಇಂದು ಬಂಡಿಯಿಲ್ಲ, ಡೇರೆಯಿಲ್ಲ. ಬೆಂಗಳೂರಿನಲ್ಲಿ ಬಿಡುಗಡೆಯಾದ ಮುನ್ನೋಟ ಅದೇ ಕ್ಷಣ ಜಗಳೂರಿನ ಹಳ್ಳಿಯ ಹುಡುಗನ ಅಂಗೈಯಲ್ಲಿದೆ, ನ್ಯಾಮತಿಯ ಬಸ್ ನಿಲ್ದಾಣದಲ್ಲಿ ಕುಳಿತವಳ ಕಿವಿಯಲ್ಲಿದೆ. ಹಿಂದೆ ಊರೆಲ್ಲ ಕೂಡಿ ಹೆದರಿ, ನಕ್ಕು, ‘ಅವಳಿಗೆ ಹಾಗೇಕಾಯಿತಂತೆ?’ ಎಂದು ಕಟ್ಟೆಯ ಮೇಲೆ ವಾರವೆಲ್ಲ ಚರ್ಚಿಸುತ್ತಿತ್ತು. ಈಗ ಒಬ್ಬೊಬ್ಬರೇ ಹೆದರಿ, ಬೆರಳು ಸರಿಸಿ ಮುಂದೆ ಹೋಗುತ್ತಾರೆ. ಎರಡು ನಿಮಿಷದ ಮುನ್ನೋಟವನ್ನು ನೋಡಿ ಇಡೀ ಚಿತ್ರವನ್ನೇ ನೋಡಿದಂತೆ ತೃಪ್ತರಾಗುವವರಿಗೆ ಉಳಿಯುವುದು ಚೀತ್ಕಾರವೊಂದೇ. ಮುನ್ನೋಟ ತನ್ನ ಕೆಲಸವನ್ನು ಮಾಡಲಿ, ಹೆದರಿಸಲಿ. ಅದು ಅದರ ಧರ್ಮ. ಆ ಕಟ್ಟೆಯ ಮೇಲಿನ ಪ್ರಶ್ನೆಯನ್ನು ಕೇಳುವುದು ಸಹೃದಯನ ಧರ್ಮ.

(ಬಾನುಲಿ ಭಾಷಣ)